ಕಾಳ್ಗಿಚ್ಚು ತಡೆ ಶಿಕ್ಷಣ: ಹಣ ಎಲ್ಲಿಂದ, ಯಾವಾಗ, ಯಾವುದಕ್ಕೆ?

ಕರ್ನಾಟಕದಲ್ಲಿ ಕಾಳ್ಗಿಚ್ಚಿನ ಕಾಲವು ಸಾಮಾನ್ಯವಾಗಿ ಜನವರಿಯಲ್ಲಿ ಆರಂಭವಾಗಿ ಮುಂಗಾರು ಪೂರ್ವ ಮಳೆ ಬೀಳುವವರೆಗೆ ಮುಂದುವರಿಯುತ್ತದೆ. ಎಲೆ ಉದುರುವ ಒಣ ಕಾಡುಗಳಿರುವ ಚಾಮರಾಜನಗರ, ಮೈಸೂರು ಜಿಲ್ಲೆಗಳಲ್ಲಿ ಫೆಬ್ರುವರಿ ಮತ್ತು ಮಾರ್ಚ್ ತಿಂಗಳುಗಳು ಅತ್ಯಂತ ಅಪಾಯಕಾರಿ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಿತು; ಬೆಂಕಿ ನಂದಿಸಲು ವಾಯುಪಡೆಯ ಹೆಲಿಕಾಪ್ಟರ್‌ಗಳನ್ನು ಕರೆಸಬೇಕಾಯಿತು. ಅದಕ್ಕೂ ಎರಡು ವರ್ಷ ಮೊದಲು ಅದೇ ಕಾಡಿನಲ್ಲಿ ಬೆಂಕಿಯೊಡನೆ ಸೆಣಸುತ್ತಿದ್ದ ಅರಣ್ಯ ರಕ್ಷಕರೊಬ್ಬರು ಪ್ರಾಣ ತೆತ್ತಿದ್ದರು. 2023ರ ಫೆಬ್ರುವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಮತ್ತೊಬ್ಬರು ಮಡಿದರು.

ನಮ್ಮಲ್ಲಿ ಬಹುಪಾಲು ಕಾಳ್ಗಿಚ್ಚುಗಳು ಮನುಷ್ಯರ ಕೈಯಿಂದಲೇ ಹೊತ್ತಿಕೊಳ್ಳುತ್ತವೆ. ಆದ್ದರಿಂದ ಕಾಡಂಚಿನ ಗ್ರಾಮಸ್ಥರಿಗೆ ತಿಳಿವಳಿಕೆ ನೀಡಬೇಕೆಂಬ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ತೊಡಕಿರುವುದು ಅದಕ್ಕೆ ಹಣ ಒದಗುವ ಕಾಲ ಮತ್ತು ಅದನ್ನು ವೆಚ್ಚ ಮಾಡುವ ರೀತಿಯಲ್ಲಿ. ಕೆಲವು ವರ್ಷಗಳ ಹಿಂದೆ ಕಾಡಂಚಿನ ಗ್ರಾಮವೊಂದರ ಜಾಗೃತಿ ಸಭೆಗೆ ಈ ಲೇಖಕನಿಗೆ ಆಹ್ವಾನವಿತ್ತು. ಮಾರ್ಚ್ ಕೊನೆಯ ವಾರ. ಆರ್ಥಿಕ ವರ್ಷ ಮುಗಿಯುವುದರೊಳಗೆ ಅನುದಾನ ಬಳಸಬೇಕಿತ್ತು. ಭಿತ್ತಿಪತ್ರಗಳು ಹಿಂದಿನ ದಿನವಷ್ಟೇ ಮುದ್ರಣಾಲಯದಿಂದ ಬಂದಿದ್ದವು. ಶಾಮಿಯಾನದಿಂದ ಕಾಣುತ್ತಿದ್ದ ಗುಡ್ಡ ಅಷ್ಟರಲ್ಲೇ ಬುಡದಿಂದ ತುದಿಯವರೆಗೆ ಕಪ್ಪಾಗಿತ್ತು. ಹಿರಿಯ ರೈತರೊಬ್ಬರು ಎದ್ದುನಿಂತು, "ಸ್ವಾಮಿ, ಇದನ್ನ ದೀಪಾವಳಿ ಕಳೀತಿದ್ದಂಗೆ ಹೇಳಬಾರದಿತ್ತಾ?" ಎಂದು ಕೇಳಿದರು. ವೇದಿಕೆಯ ಮೇಲಿದ್ದ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಆ ರೈತರ ಮಾತಿನಲ್ಲೇ ವೇಳಾಪಟ್ಟಿಯಿದೆ. ಹುಲ್ಲು ಒಣಗುವ ಮೊದಲು, ಅಂದರೆ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ, ಶಿಕ್ಷಣ ಕಾರ್ಯ ಮುಗಿಯಬೇಕು. ಜನವರಿಯ ನಂತರ ಉಳಿಯುವುದು ಕಾವಲು ಮತ್ತು ನಂದಿಸುವ ಕೆಲಸ ಮಾತ್ರ.

ಇನ್ನು ಹಣ ಯಾವುದಕ್ಕೆ ಎಂಬ ಪ್ರಶ್ನೆ. ರೈತ ಬೆಂಕಿ ಹಚ್ಚುವುದು ಅಜ್ಞಾನದಿಂದ ಎಂದು ಭಾವಿಸುವುದು ತಪ್ಪು. ಬದುವಿನ ಪೊದೆ ತೆಗೆಯಲು ಆಳು ಸಿಗುವುದಿಲ್ಲ. ಕಬ್ಬಿನ ರವದಿ ಮುಂದಿನ ಬೆಳೆಗೆ ಅಡ್ಡಿಯಾಗುತ್ತದೆ. ದನಗಳಿಗೆ ಎಳೆಯ ಹುಲ್ಲು ಬೇಕು. ಉಣ್ಣೆಗಳ ಕಾಟ ತಪ್ಪಬೇಕು. ಪ್ರತಿಯೊಂದು ಬೆಂಕಿಗೂ ಒಂದು ಲೆಕ್ಕಾಚಾರವಿದೆ. ಅದನ್ನು ಬದಲಾಯಿಸದೆ "ಕಾಡು ಉಳಿಸಿ" ಎಂಬ ಫಲಕ ನೆಟ್ಟರೆ ಪ್ರಯೋಜನ ಅತ್ಯಲ್ಪ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 5.5 ಕಿ.ಗ್ರಾಂ ಸಾರಜನಕ ಮತ್ತು 25 ಕಿ.ಗ್ರಾಂ ಪೊಟ್ಯಾಷ್ ಇರುತ್ತದೆ. ಸುಟ್ಟಾಗ ಸಾರಜನಕವು ಬಹುತೇಕ ಸಂಪೂರ್ಣವಾಗಿ ಗಾಳಿಗೆ ಸೇರುತ್ತದೆ. ಈ ಅಂಶವನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ, ಅದೇ ಊರಿನ ಒಬ್ಬ ರೈತರ ಹೊಲದಲ್ಲಿ ರವದಿ ಪುಡಿ ಮಾಡುವ ಯಂತ್ರವನ್ನು ಒಂದು ದಿನ ಓಡಿಸಿ ತೋರಿಸುವುದು ಹೆಚ್ಚು ಪರಿಣಾಮಕಾರಿ. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಇಂತಹ ಯಂತ್ರ ಲಭ್ಯವಿದ್ದಲ್ಲಿ ಅದರ ಬಾಡಿಗೆಯನ್ನೂ ಶಿಕ್ಷಣದ ವೆಚ್ಚವೆಂದೇ ಪರಿಗಣಿಸುವುದು ಸೂಕ್ತ. ಭಿತ್ತಿಪತ್ರಗಳಿಗೆ ಮೀಸಲಿಡುವ ಮೊತ್ತದಲ್ಲಿ ಅರ್ಧವನ್ನಾದರೂ ಇದಕ್ಕೆ ತಿರುಗಿಸಬೇಕೆಂಬುದು ನನ್ನ ಅಭಿಪ್ರಾಯ.

ಹಣದ ಮೂಲಗಳು ಹಲವು ಕಡೆ ಚದುರಿಹೋಗಿವೆ. ಕೇಂದ್ರ ಪುರಸ್ಕೃತ ಅರಣ್ಯ ಬೆಂಕಿ ತಡೆ ಮತ್ತು ನಿರ್ವಹಣಾ ಯೋಜನೆಯಲ್ಲಿ ಕೇಂದ್ರ ಮತ್ತು ನಮ್ಮ ರಾಜ್ಯದ ಪಾಲು 60:40. ಬೆಂಕಿ ರೇಖೆ, ಕಾವಲುಗಾರರು ಮತ್ತು ಸಲಕರಣೆಗಳ ಜೊತೆಗೆ ಜಾಗೃತಿ ಮೂಡಿಸುವುದು, ಬೆಂಕಿಯಿಂದ ಕಾಡನ್ನು ರಕ್ಷಿಸುವ ಗ್ರಾಮಗಳಿಗೆ ಪ್ರೋತ್ಸಾಹ ನೀಡುವುದು ಸಹ ಇದರ ಅಂಗಗಳು. ಈ ಕೊನೆಯ ಅಂಶ ಅನೇಕ ಗ್ರಾಮ ಅರಣ್ಯ ಸಮಿತಿಗಳಿಗೆ ತಿಳಿದೇ ಇಲ್ಲ. ವಲಯ ಅರಣ್ಯಾಧಿಕಾರಿಗಳಿಗೆ ಲಿಖಿತ ಬೇಡಿಕೆ ಸಲ್ಲಿಸಬಹುದು. ರೈತರ ತರಬೇತಿ, ಪ್ರಾತ್ಯಕ್ಷಿಕೆ ಮತ್ತು ಅಧ್ಯಯನ ಪ್ರವಾಸಗಳಿಗೆ ಆತ್ಮ ಯೋಜನೆಯಿದೆ. ತಜ್ಞರ ನೆರವನ್ನು ಕೃಷಿ ವಿಜ್ಞಾನ ಕೇಂದ್ರದಿಂದ ಪಡೆಯಬಹುದು. ಸಾಮಾಜಿಕ ಅರಣ್ಯ, ಉರುವಲು ಮತ್ತು ಮೇವು ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳ ವಿಷಯಗಳಾಗಿರುವುದರಿಂದ, ಗ್ರಾಮ ಪಂಚಾಯತಿಯ ಅಭಿವೃದ್ಧಿ ಯೋಜನೆಯಲ್ಲಿಯೂ ಈ ಕಾರ್ಯಕ್ಕೆ ಸ್ಥಾನ ಕೋರಲು ಆಧಾರವಿದೆ.

ಒಂದು ಎಚ್ಚರಿಕೆ ಅಗತ್ಯ. ಶಿಕ್ಷಣವೆಂದರೆ ಅಧಿಕಾರಿಗಳು ಹೇಳುವುದು, ಗ್ರಾಮಸ್ಥರು ಕೇಳುವುದು ಎಂದಾಗಬಾರದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ 'ತರಗು ಬೆಂಕಿ' ಎಂಬ ಪದ್ಧತಿಯಿತ್ತು. ಬೇಸಿಗೆ ಬಲಿಯುವ ಮೊದಲೇ ತರಗೆಲೆಗೆ ಹಚ್ಚುತ್ತಿದ್ದ ಆ ಬೆಂಕಿ ನೆಲಮಟ್ಟದಲ್ಲಿ ಹರಿದು ಆರುತ್ತಿತ್ತು. 1974ರಲ್ಲಿ ಅಲ್ಲಿ ಅಭಯಾರಣ್ಯ ಘೋಷಣೆಯಾದ ನಂತರ ಅದು ನಿಂತಿತು. ಆ ಬಳಿಕ ಲಂಟಾನ ಹಬ್ಬಿದ್ದಕ್ಕೂ, ಮರಗಳ ಮೇಲೆ ಬಂದಳಿಕೆ ಹೆಚ್ಚಿದ್ದಕ್ಕೂ ಬೆಂಕಿ ನಿಂತದ್ದೇ ಕಾರಣವೆಂದು ಸೋಲಿಗ ಹಿರಿಯರು ಹೇಳುತ್ತಾರೆ. ಇಂದು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಶಿಕ್ಷಾರ್ಹ ಅಪರಾಧ. ಇಲ್ಲಿ ಅದನ್ನು ಯಾರಿಗೂ ಸಲಹೆ ಮಾಡುತ್ತಿಲ್ಲ. ಆದರೆ ಗಾಳಿಯ ದಿಕ್ಕು, ಹುಲ್ಲಿನ ಹದ, ಬೆಂಕಿ ಹರಿಯುವ ದಾರಿ ಬಲ್ಲ ಇಂಥವರನ್ನು ಸಂಪನ್ಮೂಲ ವ್ಯಕ್ತಿಗಳಾಗಿ ಕರೆದು, ಇತರ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ನೀಡಲು ಅಂದಾಜುಪಟ್ಟಿಯಲ್ಲಿ ಅವಕಾಶವಿರಲಿ.

ವಿಸ್ತರಣಾ ಕಾರ್ಯಕರ್ತರು ಪ್ರಸ್ತಾವನೆಯನ್ನು ಅಕ್ಟೋಬರ್ 2ರಿಂದ ಆರಂಭವಾಗುವ ಯೋಜನಾ ಅಭಿಯಾನದ ಗ್ರಾಮಸಭೆಗಳಲ್ಲಿಯೇ ಮಂಡಿಸಬೇಕು. ಅದು ಮುಂದಿನ ಆರ್ಥಿಕ ವರ್ಷದ ಯೋಜನೆಯಾದ ಕಾರಣ, ಈ ವರ್ಷ ತಪ್ಪಿದರೆ ಇನ್ನೂ ಒಂದು ಬೇಸಿಗೆ ಕೈತಪ್ಪುತ್ತದೆ. ಪ್ರಸ್ತಾವನೆಯ ಜೊತೆ ಕಳೆದ ಬೇಸಿಗೆಯಲ್ಲಿ ಬೆಂಕಿ ಬಿದ್ದ ಜಾಗಗಳ ಕೈನಕ್ಷೆ ಇರಲಿ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಉಪಗ್ರಹ ಆಧಾರಿತ ಬೆಂಕಿ ಎಚ್ಚರಿಕೆಗಳಿಗೆ ಸಾರ್ವಜನಿಕರೂ ಮೊಬೈಲ್ ಸಂಖ್ಯೆ ನೋಂದಾಯಿಸಬಹುದು. ಆ ದಾಖಲೆಗಳು ನಕ್ಷೆಗೆ ನೆರವಾಗುತ್ತವೆ. ಯಾವ ಬದುವಿನಿಂದ, ಯಾವ ಕಾರಣಕ್ಕೆ ಬೆಂಕಿ ಕಾಡು ಸೇರಿತು ಎಂಬುದನ್ನು ಪ್ರತಿ ಗುರುತಿನ ಪಕ್ಕ ಬರೆಯಿರಿ. ಹಚ್ಚಿದವರ ಹೆಸರು ಬೇಡ. ಹೆಸರು ಬರೆದರೆ ಮುಂದಿನ ಸಭೆಗೆ ಯಾರೂ ಬರುವುದಿಲ್ಲ.