ಹುಲಿಯೇರಿದ ಮಾದಪ್ಪ

ಚಾಮರಾಜನಗರ ಬಳಿಯ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದತ್ತ ಹೋಗುವ ಲಾರಿ, ಆಟೊಗಳ ಮುಂಗಾಜು ನೋಡಿದರೆ ಸಾಕು, ಹುಲಿಯ ಬೆನ್ನೇರಿ ಕೂತ ಮಾದಪ್ಪ, ಅಂದರೆ ಮಲೆ ಮಹದೇಶ್ವರ, ಕಾಣಿಸುತ್ತಾನೆ. ಅಂಗಡಿಯ ಕ್ಯಾಲೆಂಡರಿನಲ್ಲೂ ಅವನೇ, ಮನೆಯ ದೇವರಗೂಡಿನಲ್ಲೂ ಅವನೇ. ಮಲೆ ಮಹದೇಶ್ವರ ಬೆಟ್ಟದ ಗರ್ಭಗುಡಿಯಲ್ಲಿ ಪೂಜೆಗೊಳ್ಳುವುದು ಮಾತ್ರ ಲಿಂಗ, ಪೂಜೆ ಬೇಡಗಂಪಣ ಸಮುದಾಯದ ಅರ್ಚಕರದು. ಉತ್ಸವ ಹೊರಡುವಾಗ ಹುಲಿವಾಹನ ಬರುತ್ತದೆ.

ದೇವರ ರೂಪ ಬೀದಿಗಿಳಿದರೆ ಏನಾಗುತ್ತದೆಂಬುದಕ್ಕೆ ಪೆಸಿಫಿಕ್ ದ್ವೀಪಗಳ ಟಿಕಿಯ ಕಥೆ ನೋಡಬೇಕು. ಮಾವೊರಿಗಳ ಹಲವು ಕಥೆಗಳಲ್ಲಿ ಟಿಕಿ ಮೊದಲ ಮನುಷ್ಯ. ಮಾರ್ಕೆಸಸ್ ದ್ವೀಪಗಳಲ್ಲಿ ಮರ, ಕಲ್ಲುಗಳಲ್ಲಿ ಕಡೆದ ಹಿರೀಕರ, ದೈವಗಳ ಮೂರ್ತಿ. 1930ರ ದಶಕದಲ್ಲಿ ಹಾಲಿವುಡ್‌ನಲ್ಲಿ ಪೆಸಿಫಿಕ್ ಶೈಲಿಯ ಮದ್ಯದಂಗಡಿಗಳು ಹುಟ್ಟಿಕೊಂಡವು. ಮುಂದೆ ಟಿಕಿಯ ಮುಖ ಅಲ್ಲಿ ಕುಡಿಯುವ ಮಗ್ಗಿನ ಆಕಾರವಾಯಿತು. ರೂಪ ಹೋಯಿತು, ಅದರ ಕಥೆ ದ್ವೀಪದಲ್ಲೇ ಉಳಿಯಿತು.

ಮಾದಪ್ಪನ ಚಿತ್ರ ಹಾಗಾಗಲಿಲ್ಲ, ಏಕೆಂದರೆ ಅದನ್ನು ಹೊತ್ತು ತಿರುಗಿದವರು ಅವನ ಒಕ್ಕಲಿನವರೇ. ಕಥೆಯನ್ನು ಹೊತ್ತವರು ಕಂಸಾಳೆ ನುಡಿಸಿ ಹಾಡುವ ದೇವರಗುಡ್ಡರು. ಒಂದು ಕೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಇನ್ನೊಂದರಲ್ಲಿ ಹಗ್ಗ ಕಟ್ಟಿದ ಚಪ್ಪಟೆ ತಾಳ. ಗುರುವಿನಿಂದ ದೀಕ್ಷೆ ಪಡೆದ ಗುಡ್ಡ ರಾತ್ರಿಯಿಡೀ ಕೂತು ಹಾಡುತ್ತಾನೆ: ದೇವತೆಗಳನ್ನು ಸೆರೆಯಿಟ್ಟ ಶ್ರವಣನನ್ನು ಮಾದಪ್ಪ ಸಂಹರಿಸಿದ್ದು, ಗಂಡ ನೀಲೇಗೌಡನ ಅನುಮಾನಕ್ಕೆ ತುತ್ತಾದ ಸೋಲಿಗರ ಸಂಕಮ್ಮನಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳನ್ನು ಕರುಣಿಸಿದ್ದು. ನನಗಂತೂ ಇಡೀ ಕಾವ್ಯದ ಜೀವ ಸಂಕಮ್ಮನ ಸಾಲಿನಲ್ಲಿ, ಅಂದರೆ ಅವಳ ಕಥಾಭಾಗದಲ್ಲಿದೆ. ಪಿ.ಕೆ. ರಾಜಶೇಖರ ಈ ಕಾವ್ಯವನ್ನು ಸಂಗ್ರಹಿಸಿ ಪುಸ್ತಕವಾಗಿಸಿದರು. 1996ರ ‘ಜನುಮದ ಜೋಡಿ’ ಸಿನಿಮಾ ಮಾದಪ್ಪನ ಪದವೊಂದನ್ನು ನಾಡಿಗೆಲ್ಲ ಮುಟ್ಟಿಸಿತು. ವೇದಿಕೆಯ ಮೇಲೆ ಕುಣಿಯುವ ಬೀಸು ಕಂಸಾಳೆಯನ್ನಷ್ಟೇ ಕಂಡವರು ಒಮ್ಮೆಯಾದರೂ ಕೂತು ಹಾಡುವ ಕಥೆಯನ್ನು ಕೇಳಬೇಕು.

ಹುಲಿಯೇ ಯಾಕೆ? ಬಂಡೀಪುರ, ಬಿಳಿಗಿರಿ, ಮಲೆ ಮಹದೇಶ್ವರ ಬೆಟ್ಟಗಳ ನಡುವೆ ದನ ಕಾಯ್ದು, ಕಾಡಿನಂಚಿನಲ್ಲಿ ಉತ್ತು ಬದುಕಿದವರಿಗೆ ಹುಲಿ ದಿನದ ಭಯ. ಆ ಭಯದ ಮೇಲೆ ತಮ್ಮ ದೇವರನ್ನು ಕೂರಿಸಿದರು. ಹುಲಿ ಅವನ ವಾಹನ ಎಂದ ಮೇಲೆ ಅದನ್ನು ಕೊಲ್ಲುವ ಮಾತು ಬರಬಾರದು. ಆದರೆ 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ಅರಣ್ಯ ವಲಯದಲ್ಲಿ ತಾಯಿ ಹುಲಿಯೂ ನಾಲ್ಕು ಮರಿಗಳೂ ವಿಷವುಂಡು ಸತ್ತವು. ಹುಲಿಗೆ ಹಸು ಕಳೆದುಕೊಂಡವರ ಸಂಕಟ ನಿಜ. ಆ ಸುದ್ದಿ ಓದಿದ ದಿನ ಮಾದಪ್ಪನ ಚಿತ್ರ ನೋಡಲು ನನಗೆ ಕಷ್ಟವಾಯಿತು.

2023ರ ಮಾರ್ಚ್‌ನಲ್ಲಿ ಬೆಟ್ಟದಲ್ಲಿ 108 ಅಡಿಯ ಹುಲಿವಾಹನ ಪ್ರತಿಮೆ ಅನಾವರಣಗೊಂಡಿತು. ಅದನ್ನು ನೋಡಬೇಕೆಂದರೆ ಯಾವಾಗಲಾದರೂ ಹೋಗಬಹುದು. ಒಕ್ಕಲಿನವರನ್ನು ನೋಡಬೇಕೆಂದರೆ ಶಿವರಾತ್ರಿ, ಯುಗಾದಿ ಇಲ್ಲವೇ ದೀಪಾವಳಿಯ ಜಾತ್ರೆಗೆ ಹೋಗಿ. ದೀಪಾವಳಿಯಲ್ಲಿ ಬೇಡಗಂಪಣರ ಹೆಣ್ಣುಮಕ್ಕಳು ಹಾಲರವಿಯ ಕೊಡ ಹೊತ್ತು ಬರುತ್ತಾರೆ, ‘ಉಘೇ ಮಾದಪ್ಪ’ ಎಂಬ ಕೂಗು ಕಾಡಿನುದ್ದಕ್ಕೂ ಜೊತೆಗೆ ಬರುತ್ತದೆ.