ಕೂಸಿನ ಪಾಪ: ಆದಿಪಾಪ ಮತ್ತು ರಕ್ಷಣೆಯನ್ನು ಕುರಿತ ಕ್ರೈಸ್ತ ನಿಲುವುಗಳು

ಕನ್ನಡದ ಆಡುಮಾತಿನಲ್ಲಿ ‘ಪಾಪ’ ಎಂಬುದಕ್ಕೆ ಮೂರು ಬಳಕೆಗಳಿವೆ. ಮಾಡಬಾರದುದನ್ನು ಮಾಡಿದರೆ ಅದು ಪಾಪ. ಕಷ್ಟದಲ್ಲಿರುವವರನ್ನು ಕಂಡರೆ ಬಾಯಿಂದ ಹೊರಡುವ ಉದ್ಗಾರವೂ ಪಾಪ. ತೊಟ್ಟಿಲಲ್ಲಿ ಮಲಗಿರುವ ಕೂಸೂ ಪಾಪ, ಪಾಪು. ಕ್ರೈಸ್ತ ಚಿಂತನೆಯಲ್ಲಿ ಹದಿನೈದು ಶತಮಾನಗಳಿಗೂ ಮಿಗಿಲಾಗಿ ನಡೆದುಬಂದ ಒಂದು ವಿವಾದ ಈ ಮೂರು ಅರ್ಥಗಳ ನಡುವೆಯೇ ಸುಳಿದಾಡಿದೆ ಎನ್ನಬಹುದು. ಆಗತಾನೆ ಹುಟ್ಟಿದ ಶಿಶು ಅಪರಾಧಿಯೇ, ರೋಗಿಯೇ, ಅಥವಾ ನಿರ್ಮಲವೇ? ಅದಕ್ಕೆ ರಕ್ಷಣೆ ಬೇಕೆಂದರೆ ಯಾತರಿಂದ ಬೇಕು?

ಮೊದಲಿಗೆ ಒಂದು ತಪ್ಪುಗ್ರಹಿಕೆಯನ್ನು ನಿವಾರಿಸಿಕೊಳ್ಳಬೇಕು. ಆದಿಪಾಪವನ್ನು ಕನ್ನಡದಲ್ಲಿ ‘ಜನ್ಮಪಾಪ’ ಎಂದೂ ಕರೆಯುವುದುಂಟು. ಕರ್ಮಸಿದ್ಧಾಂತದಲ್ಲಿ ಬೆಳೆದ ಕಿವಿಗೆ ಇದು ಪೂರ್ವಜನ್ಮದ ಪಾಪವೆಂದು ಕೇಳಿಸುವ ಸಂಭವವಿದೆ. ಎರಡಕ್ಕೂ ಮೂಲಭೂತವಾದ ಅಂತರವಿದೆ. ಪ್ರಾರಬ್ಧವೆಂಬುದು ತಾನೇ ಮಾಡಿದುದರ ಫಲ. ಆದಿಪಾಪವಾದರೋ ಇನ್ನೊಬ್ಬನು ಮಾಡಿದುದರಿಂದ ಒದಗಿದ ಸ್ಥಿತಿ. ಆದುದರಿಂದಲೇ ನ್ಯಾಯದ ಪ್ರಶ್ನೆ ಇಲ್ಲಿ ಹೆಚ್ಚು ತೀಕ್ಷ್ಣವಾಗುತ್ತದೆ: ಆದಾಮನ ಅವಿಧೇಯತೆಗೆ ಕೂಸು ಏಕೆ ಉತ್ತರ ಹೇಳಬೇಕು?

ಆದಿಕಾಂಡದ ಮೂರನೆಯ ಅಧ್ಯಾಯ ಆದಾಮ ಮತ್ತು ಹವ್ವಳ ಪತನವನ್ನು ಹೇಳುತ್ತದೆ. ಆದರೆ ‘ಪಾಪ’ ಎಂಬ ಶಬ್ದ ಅಲ್ಲಿ ಬರುವುದಿಲ್ಲ. ಅದು ಮೊದಲು ಕಾಣಿಸಿಕೊಳ್ಳುವುದು ಮುಂದಿನ ಅಧ್ಯಾಯದ ಕಾಯಿನನ ಕಥೆಯಲ್ಲಿ. ತಂದೆಯ ದೋಷವನ್ನು ಮಗನು ಹೊರುವುದಿಲ್ಲವೆಂದು ಪ್ರವಾದಿ ಯೆಹೆಜ್ಕೇಲನ ಗ್ರಂಥದ ಹದಿನೆಂಟನೆಯ ಅಧ್ಯಾಯ ವಾದಿಸುತ್ತದೆ. ಯೆಹೂದ್ಯ ಧರ್ಮದಲ್ಲಿ ಆದಿಪಾಪದ ಸಿದ್ಧಾಂತ ಬೆಳೆಯಲಿಲ್ಲ. ಕ್ರೈಸ್ತರಲ್ಲಿ ಅದಕ್ಕೆ ಆಧಾರವಾದುದು ಪೌಲನು ರೋಮಿನವರಿಗೆ ಬರೆದ ಪತ್ರದ ಐದನೆಯ ಅಧ್ಯಾಯ. ಒಬ್ಬನ ಮೂಲಕ ಪಾಪವೂ ಪಾಪದ ಮೂಲಕ ಮರಣವೂ ಲೋಕವನ್ನು ಹೊಕ್ಕವೆಂದೂ ಇನ್ನೊಬ್ಬನ, ಅಂದರೆ ಕ್ರಿಸ್ತನ, ಮೂಲಕ ಜೀವ ದೊರೆಯಿತೆಂದೂ ಪೌಲನು ಅಲ್ಲಿ ಹೋಲಿಸುತ್ತಾನೆ.

ಆ ಅಧ್ಯಾಯದ ಹನ್ನೆರಡನೆಯ ವಚನದಲ್ಲಿ ‘ಎಫ್ ಹೋ’ ಎಂಬ ಗ್ರೀಕ್ ಪದಗುಚ್ಛವಿದೆ. ಇದಕ್ಕೆ ‘ಏಕೆಂದರೆ’ ಎಂಬ ಅರ್ಥವನ್ನು ಇಂದಿನ ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಲ್ಯಾಟಿನ್ ಅನುವಾದದಲ್ಲಿ ಇದು ‘ಇನ್ ಕ್ವೋ’ ಆಯಿತು. ಅದನ್ನು ‘ಅವನಲ್ಲಿ’ ಎಂದೂ ಓದಲು ಸಾಧ್ಯವಿತ್ತು. ಮೊದಲ ಓದಿನಲ್ಲಿ ಎಲ್ಲರೂ ಸಾಯುವುದು ಎಲ್ಲರೂ ಪಾಪಮಾಡಿದುದರಿಂದ. ಎರಡನೆಯ ಓದಿನಲ್ಲಿ ಎಲ್ಲರೂ ಆದಾಮನೊಳಗಿದ್ದೇ ಪಾಪಮಾಡಿದ್ದಾರೆ. ಒಂದು ಅನುವಾದವೇ ಸಿದ್ಧಾಂತವನ್ನು ಹುಟ್ಟಿಸಿತೆನ್ನುವುದು ಅತಿಶಯೋಕ್ತಿಯಾದೀತು. ಆದರೆ ಪಾಶ್ಚಾತ್ಯ ಸಭೆ ಹಿಡಿದ ದಾರಿಗೆ ಅದು ಬಲ ಕೊಟ್ಟಿತೆಂಬುದು ನಿಸ್ಸಂದೇಹ.

ಆ ದಾರಿಯನ್ನು ಖಚಿತಗೊಳಿಸಿದವನು ಉತ್ತರ ಆಫ್ರಿಕಾದ ಹಿಪ್ಪೊ ನಗರದ ಬಿಷಪ್ ಅಗಸ್ಟೀನ್ (354–430). ಅವನ ಪ್ರತಿವಾದಿ ಪೆಲಾಗಿಯಸ್, ರೋಮಿನಲ್ಲಿ ಬೋಧಿಸುತ್ತಿದ್ದ ವಿರಕ್ತ. ದೇವರು ಆಗದ ಕೆಲಸವನ್ನು ಆಜ್ಞಾಪಿಸುವುದಿಲ್ಲ, ಆದುದರಿಂದ ಮನುಷ್ಯನಿಗೆ ಒಳಿತನ್ನು ಆರಿಸುವ ಶಕ್ತಿ ಇದ್ದೇ ಇದೆ, ಆದಾಮನು ನಮಗೆ ಬಿಟ್ಟುಹೋದದ್ದು ಕೆಟ್ಟ ಮಾದರಿಯನ್ನು ಮಾತ್ರ ಎಂಬುದು ಪೆಲಾಗಿಯಸನ ಪಂಥದ ವಾದ. ಸಭೆ ಶಿಶುಗಳಿಗೂ ದೀಕ್ಷಾಸ್ನಾನ ಕೊಡುತ್ತಿರುವುದನ್ನೇ ಅಗಸ್ಟೀನ್ ಸಾಕ್ಷ್ಯವಾಗಿ ಮುಂದಿಟ್ಟನು. ತೊಳೆಯಬೇಕಾದುದು ಏನೂ ಇಲ್ಲದಿದ್ದರೆ ಆ ಸ್ನಾನವೇಕೆ? ಅವನ ಪ್ರಕಾರ ಆದಾಮನಿಂದ ನಮಗೆ ಬಂದದ್ದು ದೌರ್ಬಲ್ಯವಷ್ಟೇ ಅಲ್ಲ, ಅಪರಾಧವೂ ಹೌದು. ಕೃಪೆಯ ನೆರವಿಲ್ಲದೆ ಸಂಕಲ್ಪ ದೇವರತ್ತ ತಿರುಗಲಾರದು. 418ರ ಕಾರ್ಥೇಜ್ ಸಭೆ ಪೆಲಾಗಿಯಸನ ಬೋಧನೆಯನ್ನು ಖಂಡಿಸಿತು. ಆದರೆ ದೀಕ್ಷಾಸ್ನಾನವಾಗದೆ ಸತ್ತ ಕೂಸಿಗೂ, ಎಷ್ಟೇ ಸೌಮ್ಯವಾದರೂ, ದಂಡನೆ ಉಂಟೆಂಬ ತೀರ್ಮಾನವನ್ನು ಅಗಸ್ಟೀನ್ ತಪ್ಪಿಸಿಕೊಳ್ಳಲಾಗಲಿಲ್ಲ. ಈ ಪ್ರಶ್ನೆ ತನ್ನನ್ನು ಕಾಡುತ್ತಿದೆಯೆಂದು ಜೆರೋಮನಿಗೆ ಬರೆದ ಪತ್ರದಲ್ಲಿ ಅವನೇ ಒಪ್ಪಿಕೊಂಡಿದ್ದಾನೆ.

ಗ್ರೀಕ್ ಭಾಷೆಯ ಪೂರ್ವ ಸಭೆಗಳು ಬೇರೆ ರೀತಿಯಲ್ಲಿ ಯೋಚಿಸಿದವು. ಎರಡನೆಯ ಶತಮಾನದ ಐರೇನಿಯಸನಿಗೆ ಆದಾಮನು ಇನ್ನೂ ಬೆಳೆಯಬೇಕಾಗಿದ್ದ ಮಗುವಿನಂಥವನು; ಅವನ ಪತನ ಎಳೆತನದ ಎಡವಟ್ಟು. ನಾಲ್ಕನೆಯ ಶತಮಾನದ ಅಥನೇಸಿಯಸನಿಗೆ ಮನುಷ್ಯನ ಸಂಕಟವೆಂದರೆ ಮರಣ ಮತ್ತು ಕ್ಷಯ. ಶಿಶುಗಳಿಗೆ ಸ್ವಂತ ಪಾಪಗಳಿಲ್ಲದಿದ್ದರೂ ದತ್ತಸ್ವೀಕಾರ, ಪಾವಿತ್ರ್ಯ ಮುಂತಾದ ವರಗಳಿಗಾಗಿ ಅವುಗಳಿಗೆ ದೀಕ್ಷಾಸ್ನಾನ ಕೊಡುತ್ತೇವೆಂದು ಜಾನ್ ಕ್ರಿಸೊಸ್ಟೊಮ್ ಬೋಧಿಸಿದನು. ಆರ್ಥೊಡಾಕ್ಸ್ ಸಭೆಗಳು ಇಂದಿಗೂ ಆದಾಮನಿಂದ ಮರಣಾಧೀನತೆ ಬಂದಿತೆನ್ನುತ್ತವೆಯೇ ಹೊರತು ಅಪರಾಧ ಬಂದಿತೆನ್ನುವುದಿಲ್ಲ. ಇಲ್ಲಿ ರಕ್ಷಣೆ ನ್ಯಾಯಾಲಯದ ಬಿಡುಗಡೆಯಲ್ಲ, ಚಿಕಿತ್ಸೆ. ಕ್ರಿಸ್ತನು ವೈದ್ಯ, ದೇವರ ಜೀವದಲ್ಲಿ ಪಾಲುಗೊಳ್ಳುವುದೇ ಸ್ವಸ್ಥತೆ.

ಪಶ್ಚಿಮದಲ್ಲಿಯೂ ಅಗಸ್ಟೀನನ ನಿಲುವು ಹಾಗೆಯೇ ಉಳಿಯಲಿಲ್ಲ. ಮಧ್ಯಯುಗದ ಚಿಂತಕರು ಆದಿಪಾಪವನ್ನು ಮೂಲ ಧಾರ್ಮಿಕತೆಯ ಅಭಾವವೆಂದು ವಿವರಿಸಿದರು. ದೀಕ್ಷೆಯಿಲ್ಲದೆ ಸತ್ತ ಶಿಶುಗಳು ನೋವಿಲ್ಲದ, ಆದರೆ ದೇವದರ್ಶನವೂ ಇಲ್ಲದ ‘ಲಿಂಬೊ’ ಎಂಬ ಎಡೆಯಲ್ಲಿರುತ್ತವೆಂಬ ಅಭಿಪ್ರಾಯ ಬೆಳೆಯಿತು. ಸುಧಾರಣೆಯ ಕಾಲದಲ್ಲಿ ವಿವಾದ ಮತ್ತೆ ಭುಗಿಲೆದ್ದಿತು. ದೀಕ್ಷೆಯ ಅನಂತರವೂ ಉಳಿಯುವ ದುರಾಸೆಯೇ ನಿಜವಾದ ಪಾಪವೆಂದನು ಲೂಥರ್. ಅದು ಪಾಪದಿಂದ ಬಂದದ್ದು, ಪಾಪದತ್ತ ಎಳೆಯುವಂಥದು, ಆದರೆ ತಾನೇ ಪಾಪವಲ್ಲವೆಂದು 1546ರಲ್ಲಿ ಟ್ರೆಂಟ್ ಸಭೆ ಕಥೊಲಿಕ ನಿಲುವನ್ನು ನಿರೂಪಿಸಿತು. ಜ್ವಿಂಗ್ಲಿಗೆ ಆದಿಪಾಪ ಅಪರಾಧವಲ್ಲ, ರೋಗ. 1525ರಲ್ಲಿ ಜ್ಯೂರಿಕ್‌ನಲ್ಲಿ ವಯಸ್ಕರಿಗೆ ಮತ್ತೆ ದೀಕ್ಷಾಸ್ನಾನ ಕೊಟ್ಟ ಅನಬ್ಯಾಪ್ಟಿಸ್ಟರು ಶಿಶುದೀಕ್ಷೆಯನ್ನೇ ನಿರಾಕರಿಸಿದರು. 1618–19ರ ಡಾರ್ಟ್ ಸಭೆ ಕ್ಯಾಲ್ವಿನ್ ಪಂಥದ ನಿಲುವನ್ನು ಬಿಗಿಗೊಳಿಸಿತು. ಮನುಷ್ಯ ಸಂಪೂರ್ಣವಾಗಿ ಕೆಟ್ಟವನೆಂದಲ್ಲ, ಪಾಪ ಮುಟ್ಟದ ಭಾಗ ಅವನಲ್ಲಿ ಯಾವುದೂ ಇಲ್ಲವೆಂದು ಅದರ ತಾತ್ಪರ್ಯ. ಹದಿನೆಂಟನೆಯ ಶತಮಾನದಲ್ಲಿ ಜಾನ್ ವೆಸ್ಲಿ ಈ ಪತನವನ್ನು ಪೂರ್ತಿಯಾಗಿ ಒಪ್ಪಿಯೂ, ಎಲ್ಲರನ್ನೂ ಮುಂಚಿತವಾಗಿಯೇ ಮುಟ್ಟುವ ಕೃಪೆಯೊಂದುಂಟೆಂದೂ ಅದರಿಂದಲೇ ಒಪ್ಪುವ ಅಥವಾ ನಿರಾಕರಿಸುವ ಸ್ವಾತಂತ್ರ್ಯ ಮರಳಿ ಬರುತ್ತದೆಂದೂ ವಾದಿಸಿದನು.

ಈ ದೂರದ ಚರಿತ್ರೆ ಗಡಿನಾಡಿಗೂ ಬಂದು ಸೇರಿದೆ. 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನಲ್ಲಿ ಲೂಥರನ್ ಮತ್ತು ಸುಧಾರಿತ ಪರಂಪರೆಗಳೆರಡೂ ಕೂಡಿದ್ದವು. 1834ರಲ್ಲಿ ಮಂಗಳೂರಿಗೆ ಬಂದ ಅದು ಮುಂದೆ ನೀಲಗಿರಿಯ ಕೇತಿಯಲ್ಲಿಯೂ ನೆಲೆಯೂರಿತು. ಕಾಸರಗೋಡಿನಲ್ಲಿ ಕೊಂಕಣಿ ಕಥೊಲಿಕರಿದ್ದಾರೆ. ವಯನಾಡಿನಲ್ಲಿ ತಿರುವಾಂಕೂರಿನಿಂದ ವಲಸೆ ಬಂದ ಸಿರಿಯನ್ ಆರ್ಥೊಡಾಕ್ಸ್ ಪರಂಪರೆಯವರಿದ್ದಾರೆ. ಅಕ್ಕಪಕ್ಕದ ಊರುಗಳ ಗುಡಿಗಳಲ್ಲಿ ನಡೆಯುವ ಒಂದೇ ಶಿಶುದೀಕ್ಷೆಯ ಹಿಂದೆ ಇಷ್ಟು ಭಿನ್ನವಾದ ಓದುಗಳಿವೆ. ಅಲ್ಪಸಂಖ್ಯಾತ ಭಾಷೆಗಳನ್ನು ಅಧ್ಯಯನ ಮಾಡುವ ನಾವು ‘ಕ್ರೈಸ್ತರ ನಂಬಿಕೆ’ ಎಂದು ಏಕವಚನದಲ್ಲಿ ಬರೆಯುವಾಗ ಈ ಬಹುತ್ವವನ್ನು ಮರೆಯಬಾರದು.

ಇತ್ತೀಚಿನ ದಶಕಗಳಲ್ಲಿ ಅಂತರಗಳು ಕೊಂಚ ಕಿರಿದಾಗಿವೆ. 1999ರಲ್ಲಿ ಲೂಥರನ್ ವಿಶ್ವ ಒಕ್ಕೂಟ ಮತ್ತು ಕಥೊಲಿಕ ಸಭೆ, ಮನುಷ್ಯನು ತನ್ನ ಪುಣ್ಯದಿಂದಲ್ಲ, ಕೃಪೆಯಿಂದಲೇ ನೀತಿವಂತನಾಗುತ್ತಾನೆಂಬ ಜಂಟಿ ಘೋಷಣೆಗೆ ಸಹಿಹಾಕಿದವು. 2006ರಲ್ಲಿ ಮೆಥಡಿಸ್ಟರೂ ಅದನ್ನು ಸೇರಿದರು. 2007ರಲ್ಲಿ ಕಥೊಲಿಕ ಸಭೆಯ ಅಂತಾರಾಷ್ಟ್ರೀಯ ದೈವಶಾಸ್ತ್ರ ಆಯೋಗ ಲಿಂಬೊ ಎಂಬುದು ವಿಶ್ವಾಸದ ಕಡ್ಡಾಯ ಸೂತ್ರವಲ್ಲವೆಂದೂ ದೀಕ್ಷೆಯಿಲ್ಲದೆ ಸತ್ತ ಶಿಶುಗಳ ರಕ್ಷಣೆಯನ್ನು ಆಶಿಸಲು ಗಟ್ಟಿಯಾದ ಕಾರಣಗಳಿವೆಯೆಂದೂ ಹೇಳಿತು. ಅದು ಖಚಿತ ಜ್ಞಾನವೆನ್ನದೆ ಆಶಾಭಾವವೆಂದದ್ದು ಗಮನಾರ್ಹ. ಆದರೆ ಕೂಸನ್ನು ಕಳೆದುಕೊಂಡ ತಾಯಿಗೆ ದಂಡನೆಗೂ ಆಶೆಗೂ ನಡುವಣ ದೂರ ಬಲು ದೊಡ್ಡದು.

ಹೀಗೆ ನೋಡಿದರೆ ರಕ್ಷಣೆ ಬೇಕೆಂಬುದರಲ್ಲಿ ಈ ಮುಖ್ಯ ಪರಂಪರೆಗಳಿಗೆ ಭಿನ್ನಾಭಿಪ್ರಾಯವಿಲ್ಲ. ಯಾತರಿಂದ ಎಂಬುದರಲ್ಲಿ ಇದೆ. ಅಪರಾಧವೆಂದು ಓದಿದವರು ಕ್ಷಮೆಯನ್ನು ಕೋರಿದರು, ರೋಗವೆಂದು ಓದಿದವರು ಔಷಧವನ್ನು ಬೇಡಿದರು. ಕನ್ನಡದ ಒಂದೇ ಶಬ್ದ ದೋಷವನ್ನೂ ಮರುಕವನ್ನೂ ಕೂಸನ್ನೂ ಸೂಚಿಸುವುದು ಭಾಷೆಯ ಆಕಸ್ಮಿಕವೇ ಇರಬಹುದು. ಆದರೂ ದೋಷದ ಮಾತನ್ನಾಡುವಾಗ ಮರುಕವನ್ನು ಕೈಬಿಡಬಾರದೆಂದು ಅದು ಓದುಗನನ್ನು ಎಚ್ಚರಿಸುತ್ತದೆ.