ಮುತ್ತಜ್ಜನ ಹೆಸರು ಪೊಲೀಸ್ ದಫ್ತರದಲ್ಲಿದ್ದರೆ...

ಸಂಘದ ಸ್ಮರಣ ಸಂಚಿಕೆಗೆ ಮನೆತನದ ಇತಿಹಾಸ ಬರೆಯಲು ಹೊರಟವರಿಗೆ ಗುಡಿ ಕಟ್ಟಿಸಿದ ಮುತ್ತಜ್ಜ ಸಿಕ್ಕರೆ ಸಂಭ್ರಮ. ಪೊಲೀಸ್ ದಫ್ತರದಲ್ಲಿ ಹೆಸರಿರುವ ಮುತ್ತಜ್ಜ ಸಿಕ್ಕರೆ ಕಾಗದ ಮಡಚಿಡುವವರೇ ಹೆಚ್ಚು. ಆದರೆ ಆ ಹೆಸರು ಅಲ್ಲಿಗೆ ಹೇಗೆ ಬಂತೆಂಬುದನ್ನೂ ನೋಡಬೇಕು.

ಬ್ರಿಟಿಷ್ ಸರಕಾರ 1871ರಲ್ಲಿ ತಂದ 'ಕ್ರಿಮಿನಲ್ ಟ್ರೈಬ್ಸ್' ಕಾಯ್ದೆ ಕೆಲವು ಸಮುದಾಯಗಳನ್ನು ಇಡಿಯಾಗಿ ಅಪರಾಧಿಗಳೆಂದು ಘೋಷಿಸಲು ದಾರಿ ಮಾಡಿತು. ಉತ್ತರ ಭಾರತದಲ್ಲಿ ಮೊದಲಾದ ಇದು 1911ರ ಕಾಯ್ದೆಯಿಂದ ಮದ್ರಾಸು, ಮುಂಬಯಿ ಪ್ರಾಂತಗಳಿಗೂ ವ್ಯಾಪಿಸಿತು. ಹೆಸರು ನೋಂದಣಿ, ಬೆರಳಚ್ಚು, ಪೊಲೀಸರೆದುರು ಹಾಜರಿ, ಊರು ಬಿಡಲು ಪಾಸು: ಕದ್ದವನಿಗೂ ಕದಿಯದವನಿಗೂ ಒಂದೇ ನಿಯಮ. ಸೊಲ್ಲಾಪುರ, ಹುಬ್ಬಳ್ಳಿಗಳಲ್ಲಿ ಇಂಥ ಕುಟುಂಬಗಳನ್ನು 'ಸೆಟ್ಲ್‌ಮೆಂಟ್'ಗಳಲ್ಲಿ ಇರಿಸಲಾಗಿತ್ತು. ಸೊಲ್ಲಾಪುರದಲ್ಲಿ ಹಲವರು ತಂತಿಬೇಲಿಯೊಳಗಿಂದಲೇ ಗಿರಣಿ ಕೆಲಸಕ್ಕೆ ಹೋಗಿ ಬರುತ್ತಿದ್ದರು.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಈ ಸಮುದಾಯಗಳು ಅಂದು ವಿಮುಕ್ತ ದಿನ ಆಚರಿಸುತ್ತವೆ. ಆದರೆ ಹೆಸರಿಗೆ ಅಂಟಿದ ಮಸಿ ಅಷ್ಟು ಬೇಗ ಅಳಿಯಲಿಲ್ಲ.

ಹಾಗೆಂದು ಎಲ್ಲ ಹಿರಿಯರೂ ನಿರಪರಾಧಿಗಳೆನ್ನಲಾಗದು. ನೋಂದಣಿ ಪುಸ್ತಕ ಬೇರೆ, ನ್ಯಾಯಾಲಯದ ತೀರ್ಪು ಬೇರೆ. ಮನೆತನದ ಕಥೆ ಬರೆಯುವವರು ಎರಡನ್ನೂ ಹುಡುಕಿ, ಸಿಕ್ಕಿದ್ದನ್ನು ಸಿಕ್ಕಂತೆ ದಾಖಲಿಸುವುದು ಒಳಿತು. ಮುಚ್ಚಿಟ್ಟರೆ ಪರಕೀಯ ಸರಕಾರ ಹೊರಿಸಿದ ಆರೋಪವನ್ನು ಮನೆಯವರೇ ಒಪ್ಪಿಕೊಂಡಂತಾಗುತ್ತದೆ.